ಮೂರಕ್ಷರದ ನಡುಗಡ್ಡೆ

ಅಕ್ಷರಕ್ಕೆ ಇಷ್ಟೆಂದು ಕೂಲಿ ನನ್ನದು.
ಥ್ರೋಗ್‌ಮಾರ್ಟನ್‌ಗಳು ಸತ್ತರೆ ವಾರವೆಲ್ಲ ಊಟ,
ನೈಗಳು ಸತ್ತರೆ ಉಳಿಗೆ ಉಪವಾಸ:
ಎನ್, ವೈ, ಇ.
ಚಹಾ ಆರುವ ಮೊದಲೇ ಮುಗಿಯುವ ವಂಶ.

ಹೆಸ್ಟರ್ ನೈ ಬಂದದ್ದು ಫೆಬ್ರವರಿ ಕೊನೆಗೆ.
ಸಾಮರ್‌ಸೆಟ್‌ನ ತಗ್ಗುಗದ್ದೆಗಳಲ್ಲಿ ನೀರು ಆಗಷ್ಟೇ ಇಳಿದಿತ್ತು.
ಬೂಟಿನ ತುಂಬ ಕೆಸರು, ಕೈಯಲ್ಲಿ ಗಂಡನ ಟೊಪ್ಪಿ.
ಗುರುತಿಗೆ ತಂದಳೋ ಜೊತೆಗೆ ತಂದಳೋ
ಕೇಳಲಿಲ್ಲ.
ಕ್ಲೆಮೆಂಟ್, ವಿಲೋ ಕಡ್ಡಿಯ ಬುಟ್ಟಿ ಹೆಣೆಯುತ್ತಿದ್ದವ;
ಹಾವುಮೀನು ಹಿಡಿಯುವ ಅವನದೊಂದು ಕೂಳಿ
ಈಗಲೂ ನನ್ನ ಛಾವಣಿಗೆ ನೇತಾಡುತ್ತದೆ.

'ಹಾಗಂದರೆ ಏನು, ನೈ?
ಸತ್ತವರನ್ನೆಲ್ಲ ಓದಿಕೊಂಡವನು ನೀನು, ಹೇಳು.'

ಗೊತ್ತಿದ್ದಷ್ಟು ಹೇಳಿದೆ.
ಇಗರ್ಜಿಯ ದಫ್ತರದಲ್ಲಿ ಗುಮಾಸ್ತನೊಬ್ಬ
ಎರಡು ಮೂಕ ಅಕ್ಷರ ತೂರಿಸಿದ, ಹೆಸರು 'ಹತ್ತಿರ' ಆಯಿತು.
ಇನ್ನೊಬ್ಬ ನಡುವೆ ಐ ಇಟ್ಟ,
ಬೆರಳು ಚಳಿಗೆ ಸೆಟೆದಿರಬೇಕು.
ಅದಕ್ಕೂ ಹಿಂದೆ, ಎಲ್ಲರೂ ಜಾನ್‌ಗಳೇ ಆಗಿದ್ದ ಕಾಲದಲ್ಲಿ,
ಕಂದಾಯದವನು ಕೇಳಿದ: ಯಾವ ಜಾನ್?
'ಅಟ್ಟೆನ್ ಐ' ಅಂದರು. ನಡುಗಡ್ಡೆಯಲ್ಲಿರುವವನು.
ಜೌಗಿನ ನಡುವೆ ಒಣಗಿದ ಒಂದು ತುಂಡು ನೆಲ,
ನಾಲ್ಕು ಕುರಿ, ಒಂದು ಒಲೆ.
ಬಾಯಿಗೆ ಯಾವಾಗಲೂ ಅವಸರ.
ಮಾತನ್ನು ಸೀಳುವಾಗ ಕೊಡಲಿ ಒಂದಿಂಚು ತಪ್ಪಿತು,
ಹಿಂದಿನ ಪದದ ಬಾಲದ ನಕಾರ
ಮುಂದಿನದರ ತಲೆಗೆ ಅಂಟಿತು.
ಮನೆ ಬದಲಿಸುವಾಗ ಪಕ್ಕದವರ ಬಟ್ಟಲೂ
ಗಂಟಿಗೆ ಸೇರಿಹೋಗುತ್ತದಲ್ಲ, ಹಾಗೆ.
ಯಾರೂ ವಾಪಸು ಕೇಳಲಿಲ್ಲ.

ಹೆಸ್ಟರ್ ಟೊಪ್ಪಿಯನ್ನು ಒಮ್ಮೆ ತಿರುಗಿಸಿದಳು.
'ನಾನು ಹುಟ್ಟಿದ್ದು ರೈ ಆಗಿ' ಅಂದಳು.
'ನಮ್ಮಪ್ಪನಿಗೆ ಅದು ಧಾನ್ಯದ ಹೆಸರು. ಕಪ್ಪು ರೊಟ್ಟಿಯ ಜನ ನಾವು,
ಅವರು ಕೆಸರಿನವರು, ಹೆಣ್ಣು ಕೊಡಬಾರದು, ಅನ್ನುತ್ತಿದ್ದ.
ಮದುವೆಗೆ ಬರಲಿಲ್ಲ.'

ಉಳಿ ಕೆಳಗಿಟ್ಟೆ.
ನಿಮ್ಮಪ್ಪ ಹೇಳಿದ್ದೂ ನಿಜವಿರಬಹುದು.
ಕೆಲವು ಕಡೆ ಅದು ಬೆಳೆ, ಕೆಲವು ಕಡೆ ತೊರೆಯ ದಂಡೆ.
ಆದರೆ 'ಅಟ್ಟರ್ ಐ' ಅನ್ನುವ ಬಾಯಿಗಳೂ ಇದ್ದವು,
ಅಲ್ಲಿ ಕೊಡಲಿ ರಕಾರದ ಹಿಂದೆ ಬಿತ್ತು.
ಅದೇ ನಡುಗಡ್ಡೆ, ತಪ್ಪೊಂದೇ ಬೇರೆ.

'ಅಂದರೆ ನಾವು...'
ಇರಬಹುದು. ಇಲ್ಲದೆಯೂ ಇರಬಹುದು.
ನಾನು ಕಲ್ಲು ಕಡಿಯುವವನು, ಆಣೆ ಮಾಡಲಾರೆ.

ಅವಳು ನಕ್ಕಳು ಅಂದುಕೊಂಡೆ. ನಗಲಿಲ್ಲ.
'ಅವನಿಗೆ ಉಸಿರು ಸಿಕ್ಕಿಕೊಂಡ ರಾತ್ರಿ
ನೀರು ರಸ್ತೆ ನುಂಗಿತ್ತು, ಬೇಲಿ ನುಂಗಿತ್ತು,
ಸೇಬಿನ ಮರಗಳು ಕತ್ತಿನವರೆಗೆ ನಿಂತಿದ್ದವು.
ನಮ್ಮ ಮನೆಯೊಂದೇ ಮೇಲೆ.
ಫೋನು ಮಾಡಿದೆ. ಹೆಸರು ಕೇಳಿದರು, ನೈ ಅಂದೆ.
ಆಮೇಲೆ ವಿಳಾಸ ಕೇಳಿದರು, ಎರಡು ಸಲ.
ದೋಣಿ ತಡವಾಯಿತು.
ಮೊದಲ ಮಾತಿಗೇ ವಿಳಾಸ ಹೇಳಿಬಿಟ್ಟಿದ್ದೆ,
ನೋಡು. ನನಗೂ ಗೊತ್ತಿರಲಿಲ್ಲ,
ಅವರಿಗೂ.'

ಹೊರಗೆ ಟ್ರ್ಯಾಕ್ಟರ್ ಒಂದು
ಗೇಟಿಗೆ ಸಿಕ್ಕಿದ ಹುಲ್ಲು ಎಳೆಯುತ್ತಿತ್ತು.
ಕಲ್ಲಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ,
ಮೂರು ಅಕ್ಷರ, ನಡುವೆ ಸಮ ಅಂತರ.
ಅವಳು ಬೆರಳಿಂದ ಒರೆಸಿದಳು.
'ಎನ್ ಆದಮೇಲೆ ಒಂದು ಕೂದಲೆಳೆ ಜಾಗ ಬಿಡು.
ಯಾರಿಗೂ ಕಾಣಬಾರದು.
ಅದು ಎಲ್ಲಿಂದಲೋ ಬಂದದ್ದು, ಹೋಗಬೇಕೆಂದರೆ ಹೋಗಲಿ.'

ಖಾಲಿ ಜಾಗಕ್ಕೆ ಕೂಲಿ ಹಿಡಿಯುವ ಪದ್ಧತಿ ನನ್ನಲ್ಲಿಲ್ಲ.
ಆದರೂ ಆ ಮಧ್ಯಾಹ್ನ
ಮೂರಕ್ಷರಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು
ಅದೇ, ಕಡಿಯದೆ ಬಿಟ್ಟ ಕಲ್ಲು.